ಚಪ್ಪರಕ್ಕೆ ಕಟ್ಟಿದ ಸಿ.ಡಿ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಮುನಿಶಾಮಪ್ಪನ ಸ್ಟುಡಿಯೋ ಇತ್ತು. ಗೂಡು ಮಾರಿಕೊಂಡು ಹೊರಟವರು ಅದರ ಮುಂದೆ ಒಂದು ಗಳಿಗೆ ನಿಲ್ಲದೆ ಹೋಗುತ್ತಿರಲಿಲ್ಲ. ಗಾಜಿನ ಬೀರುವಿನೊಳಗೆ ಮದುವೆ ಜೋಡಿಗಳು, ನಾಮಕರಣದ ಕೂಸುಗಳು, ಹಾರ ಹಾಕಿಸಿಕೊಂಡ ಹಿರಿಯರು. ಆ ಹಿರಿಯರಲ್ಲಿ ಎಷ್ಟೋ ಜನ ಬದುಕಿದ್ದಾಗ ಕ್ಯಾಮೆರಾ ಮುಂದೆ ಕೂತವರೇ ಅಲ್ಲ. ಉಸಿರು ಹೋದ ಮೇಲೆ ಗೋಡೆಗೆ ಒರಗಿಸಿ ಕೂರಿಸಿ ಪಟ ತೆಗೆಸುತ್ತಿದ್ದರು. ಮುಚ್ಚಿದ ಆ ಕಣ್ಣುಗಳನ್ನು ಸಣ್ಣ ಕುಂಚದಲ್ಲಿ ತೆರೆಸುವವನು ಮುನಿಶಾಮಪ್ಪ. ಯಾರೂ ಹೇಳಿಕೊಟ್ಟ ವಿದ್ಯೆಯಲ್ಲ. "ಇವ್ನು ಬರೆದ ಕಣ್ಣು ನೋಡಿದ್ರೆ ಮುದುಕ ಈಗ್ಲೇ ಎದ್ದು ಬೈತಾನೇನೋ ಅನ್ಸುತ್ತೆ" ಎಂದು ಜನ ಆಡಿಕೊಳ್ಳುವಾಗ ಅವನ ಕೈ ತಾನಾಗಿ ಮೀಸೆಗೆ ಹೋಗುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು. ಚಿಂತಾಮಣಿಯ ಸ್ಟುಡಿಯೋದವರು ತಂದರೆಂದು ಇವನೂ ತಂದ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಕಲಿತ. ಫೋಟೋ ತಿದ್ದುವ ಪ್ರೋಗ್ರಾಮಿನ ಜೊತೆಗೆ ಒಂದು ಪ್ಲಗಿನ್ ಇತ್ತು. ದೊಡ್ಡ ಪ್ರೋಗ್ರಾಮಿನ ಬೆನ್ನಿಗೆ ಅಂಟಿಕೊಂಡು ಒಂದೇ ಒಂದು ಕೆಲಸ ಮಾಡುವ ಮರಿ ಪ್ರೋಗ್ರಾಂ ಅದು. ಹಳೆಯ ಪಟಗಳ ಬೂಷ್ಟು, ಗೀರು, ನೀರಿನ ಕಲೆ ಅಳಿಸುವುದು ಅದರ ಕೆಲಸ. ಸ್ಕ್ಯಾನ್ ಮಾಡಿದ ಪಟವನ್ನು ಅದು ತನ್ನದೇ ಒಂದು ಬಗೆಯ ಫೈಲಿನಲ್ಲಿ ಕಟ್ಟಿಡುತ್ತಿತ್ತು. ಅದು ಕಟ್ಟಿದ್ದನ್ನು ಅದೇ ಬಿಚ್ಚಬೇಕು, ಬೇರೆ ಯಾವುದರ ಕೈಯಲ್ಲೂ ಆಗುತ್ತಿರಲಿಲ್ಲ.

ತೊಂಬತ್ತೊಂಬತ್ತನೇ ಇಸವಿಯ ಮಳೆಗಾಲದಲ್ಲಿ ಮಂಡಿಕಲ್ ಕಡೆಯ ಗಂಗುಲಮ್ಮ ಮಾರುಕಟ್ಟೆಗೆ ಗೂಡು ಹಾಕಲು ಬಂದವಳು ಸೆರಗಿನಲ್ಲಿ ಒಂದು ಗಾಜು ಸುತ್ತಿಕೊಂಡು ಸ್ಟುಡಿಯೋ ಮೆಟ್ಟಿಲು ಹತ್ತಿದಳು. ಗಾಜಿಗೆ ಒಂದು ಪಟ ಕಚ್ಚಿಕೊಂಡಿತ್ತು. ಅವಳ ಮಗ ನಲ್ಲಪ್ಪ, ಚಿಕ್ಕಂದಿನಲ್ಲೇ ಜ್ವರದಲ್ಲಿ ಹೋದವನು. ನಂದಿಯ ನೆಂಟರ ಮನೆಗೆ ಹೋಗಿದ್ದಾಗ ತೆಗೆಸಿದ ಪಟ. ಮೈಮೇಲೆ ಪಟ್ಟೆ ಪಟ್ಟೆ ಅಂಗಿ.

"ನನ್ ಧಾರೆ ಸೀರೆ ಸೆರಗು ಕತ್ತರಿಸಿ ಹೊಲಿಸಿದ್ದೆ ಕಣಪ್ಪ ಆ ಅಂಗೀನ" ಎಂದಳು. "ಸೂರು ಸೋರಿ ಹಿಂಗೆ ಗಾಜಿಗೆ ಹತ್ಕೊಂಬಿಟ್ಟೈತೆ. ಇದೊಂದೇ ಇರೋದು ಅವಂದು. ಮಾಳಯ ಅಮಾಸೆಗೆ ಎಡೆ ಇಡೋವಾಗ ಮುಂದೆ ಇರ್ಬೇಕು."

"ಕಂಪ್ಯೂಟರ್ ಒಳಗೆ ಹೋದ್ರೆ ಮುಗೀತಮ್ಮ. ಇನ್ನು ನಿನ್ ಮಗನ್ನ ಮಳೆ ಮುಟ್ಟಲ್ಲ, ಗೆದ್ಲು ಮುಟ್ಟಲ್ಲ. ಅಮಾಸೆಗೆ ನಗ್ತಾ ಬರ್ತಾನೆ, ಹೋಗು."

ಗಾಜಿನ ಸಮೇತ ಸ್ಕ್ಯಾನರ್ ಮೇಲಿಟ್ಟು ಪಟವನ್ನು ಒಳಕ್ಕೆ ಎಳೆದುಕೊಂಡ. ಚೆನ್ನಾಗಿಯೇ ಬಂತು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಗಾಜು ಬಿಡಿಸಿ ಇನ್ನೂ ಚೆನ್ನಾಗಿ ತೆಗೆಯುತ್ತೇನೆಂಬ ಹಮ್ಮು. ಹೇಗೂ ಒಂದು ಪ್ರತಿ ಒಳಗೆ ಭದ್ರವಾಗಿದೆಯಲ್ಲ ಎಂಬ ಧೈರ್ಯ. ಬೇಸಿನ್ನಿನಲ್ಲಿ ನೀರು ಹಾಕಿ ನೆನೆಸಿದ. ಹಾಲಿನ ಕೆನೆ ಸರಿದಂತೆ ಮುಖ ಸರಿದು ನೀರಿಗೆ ಹೋಯಿತು. ಗಾಜಿನ ಕೆಳಭಾಗದಲ್ಲಿ, ಅಂಗಿ ಇದ್ದ ಕಡೆ, ಒಂದಿಷ್ಟು ಬೂದು ಮಸಿ ಮಾತ್ರ ಉಳಿಯಿತು. ಹೆಂಡತಿ ಲಕ್ಷ್ಮೀನರಸಮ್ಮ ಬಾಗಿಲಲ್ಲಿ ನಿಂತು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅದ್ಯಾಕೆ ಹಂಗೆ ನೋಡ್ತೀಯ? ಒಳಗವ್ನೆ ಹುಡುಗ" ಎಂದು ಮುನಿಶಾಮಪ್ಪ ಕಂಪ್ಯೂಟರಿನ ತಲೆ ತಟ್ಟಿದ.

ಅದೇ ವಾರ ಬೆಂಗಳೂರಿನಿಂದ ಕಂಪ್ಯೂಟರ್ ಅಂಗಡಿಯವನು ಬಂದ. ಎರಡು ಸಾವಿರನೇ ಇಸವಿ ಹುಟ್ಟಿದರೆ ಹಳೆಯ ಪ್ರೋಗ್ರಾಮುಗಳೆಲ್ಲ ಕಣ್ಣು ಮುಚ್ಚುತ್ತವೆ ಎಂದು ಹೆದರಿಸಿ ಹೊಸ ಆವೃತ್ತಿ ಹಾಕಿಕೊಟ್ಟು ಹೋದ. ಹಳೆಯ ಪ್ರೋಗ್ರಾಮಿನ ಸಿ.ಡಿ. ಮೇಜಿನ ಮೇಲೆ ಉಳಿಯಿತು. ಮಧ್ಯಾಹ್ನ ಲಕ್ಷ್ಮೀನರಸಮ್ಮನ ತಮ್ಮ ಬಯ್ಯಪ್ಪ ಊಟಕ್ಕೆ ಬಂದಿದ್ದ. ನಂದಿ ಬೆಟ್ಟದ ಬುಡದಲ್ಲಿ ಅವನದು ದ್ರಾಕ್ಷಿ ತೋಟ.

"ಭಾವ, ಈ ಹಳೇ ಸಿ.ಡಿ. ಬಿಸಾಕ್ತೀಯಾ? ಬಿಸಿಲಿಗೆ ಫಳ್ ಅಂತದೆ, ಗಿಣಿ ಗೊರವಂಕ ಹತ್ರ ಸುಳಿಯಲ್ಲ. ಚಪ್ಪರಕ್ಕೆ ಕಟ್ತೀನಿ."

"ತಗೊಂಡ್ ಹೋಗೋ. ಅದು ಸತ್ತೋಯ್ತು, ಹೊಸದು ಬಂದೈತೆ" ಎಂದು ಮುನಿಶಾಮಪ್ಪ ದೊಡ್ಡಸ್ತಿಕೆಯಿಂದ ಕೊಟ್ಟ.

ಮಾರನೇ ದಿನ ನಲ್ಲಪ್ಪನ ಫೈಲು ತೆರೆಯಲು ಹೋದಾಗ ಮರಳು ಗಡಿಯಾರದ ಗುರುತು ಬಂದು ನಿಂತಿತು. ನಿಂತದ್ದು ನಿಂತೇ ಇತ್ತು. ಆಮೇಲೆ ಏನೋ ತಪ್ಪು ನಡೆದಿದೆ ಎಂಬ ಒಂದು ಸಾಲು ಕಾಣಿಸಿಕೊಂಡು ಇಡೀ ಪ್ರೋಗ್ರಾಂ ಮುಚ್ಚಿಹೋಯಿತು. ಮತ್ತೆ ತೆರೆದ, ಮತ್ತೆ ಮುಚ್ಚಿತು. ಕಂಪ್ಯೂಟರ್ ಆರಿಸಿ ಹಚ್ಚಿದ. ಹೊಸ ಆವೃತ್ತಿಯನ್ನು ತೆಗೆದು ಮತ್ತೆ ಹಾಕಿದ. ಬೇರೆ ಪ್ಲಗಿನ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಜಾಗ ಸಾಲದೇನೋ ಎಂದು ಯಾರ್ಯಾರದೋ ಮದುವೆ ಪಟಗಳನ್ನು ಅಳಿಸಿದ. ಬೇರೆ ಪಟಗಳೆಲ್ಲ ತೆರೆದವು, ಪ್ಲಗಿನ್ ಹೆಸರು ಮುಟ್ಟಿದರೆ ಮಾತ್ರ ಎಲ್ಲವೂ ಕುಸಿಯಿತು. ನೀರಿಗೆ ಹೋದ ಮುಖ ಈಗ ಎರಡನೇ ಸಲ ಹೋಗುತ್ತಿದೆ ಎಂದು ಆಗ ಹೊಳೆಯಿತು.

ಅಂಥ ದಿನಗಳಲ್ಲೇ ಒಂದು ಬೆಳಗ್ಗೆ ಗಂಗುಲಮ್ಮ ಬಂದು ಬೆಂಚಿನ ಮೇಲೆ ಕೂತಳು.

"ಎಲ್ಲಿಗೆ ಬಂತಪ್ಪ ನನ್ ಮಗಂದು?"

"ನಡೀತಾ ಐತಮ್ಮ."

"ಇದ್ರೊಳಗವ್ನಾ? ಒಂದ್ಸಲ ತೋರ್ಸು, ನೋಡ್ಕೊಂಡ್ ಹೋಗ್ತೀನಿ."

"ಕೆಲ್ಸ ಅರ್ಧ ಆಗಿರುವಾಗ ತೆಗೀಬಾರ್ದಮ್ಮ, ಕೆಟ್ಟೋಗ್ತದೆ."

"ಆಗ್ಲಿ ಬುಡು, ಕೆಡಿಸ್ಬ್ಯಾಡ" ಎಂದು ಎದ್ದಳು. ಹೋಗುವಾಗ ಆರಿದ ಪರದೆಗೆ ಕೈ ಮುಗಿದಳು. ಮುನಿಶಾಮಪ್ಪ ಒಳಗೆ ಹೋಗಿ ಗೋಡೆಗೆ ಹಣೆ ಆನಿಸಿಕೊಂಡು ನಿಂತ.

ಎಸ್.ಟಿ.ಡಿ. ಬೂತಿನಿಂದ ಬೆಂಗಳೂರಿಗೆ ಫೋನು ಮಾಡಿದ. ಅಂಗಡಿಯವನು ತಣ್ಣಗೆ ಹೇಳಿದ: "ಆ ಪ್ಲಗಿನ್ ಹೊಸದಕ್ಕೆ ಹೊಂದಲ್ಲ ಸಾರ್. ಹಳೇ ಆವೃತ್ತಿ ಮತ್ತೆ ಹಾಕ್ಬೇಕು. ನಮ್ಮ ಹತ್ರ ಹಳೇದು ಉಳಿದಿಲ್ಲ. ನಿಮ್ಮ ಸಿ.ಡಿ. ಇದ್ಯಲ್ಲ?"

ರಿಸೀವರ್ ಇಟ್ಟವನು ಮನೆಗೂ ಹೇಳದೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ. ಅಲ್ಲಿಂದ ನಂದಿಗೆ. ತೋಟ ತಲುಪಿ ತಲೆ ಎತ್ತಿದ. ಚಪ್ಪರದ ತಂತಿಯುದ್ದಕ್ಕೂ ಸಿ.ಡಿ.ಗಳು ಗಾಳಿಗೆ ತಿರುಗುತ್ತಿದ್ದವು. ಬಯ್ಯಪ್ಪ ಸಿಕ್ಕಸಿಕ್ಕವರಿಂದೆಲ್ಲ ಎತ್ತಿಕೊಂಡು ಬಂದು ಕಟ್ಟಿದ್ದ.

"ಏನ್ ಭಾವ, ಗಿಣಿಗಿಂತ ಮುಂಚೆ ನೀನೇ ಬಂದೆ?"

"ನನ್ ಸಿ.ಡಿ. ಯಾವ್ದೋ ಅದು?"

"ಎಲ್ಲಾ ಒಂದೇ ತರ ಹೊಳೀತವೆ, ನಂಗೇನ್ ಗೊತ್ತು? ಕೊಟ್ಟ ಮೇಲೆ ವಾಪಸ್ ಕೇಳೋದು ಯಾವೂರ ಮರ್ಯಾದೆ?"

ಮುನಿಶಾಮಪ್ಪ ಚಪ್ಪರದ ಕೆಳಗೆ ನುಗ್ಗಿದ. ಬಾಗಿದ ಬೆನ್ನಿನಲ್ಲೇ ಸಾಲು ಸಾಲಾಗಿ ನಡೆದು ಒಂದೊಂದನ್ನೂ ಹಿಡಿದು ತಿರುಗಿಸಿದ. ಅವನ ಮುಖ ನೋಡಿ ಬಯ್ಯಪ್ಪನ ನಗು ನಿಂತುಹೋಯಿತು, ಅವನೂ ಇನ್ನೊಂದು ತುದಿಯಿಂದ ಹುಡುಕಿದ. ಸಿಕ್ಕಿತು. ಬಳ್ಳಿಗೆ ಮೈಲುತುತ್ತದ ಔಷಧಿ ಹೊಡೆದು ಹೊಡೆದು ಮೈಯೆಲ್ಲ ನೀಲಿ ಸುಣ್ಣ ಬಳಿದಂತಿತ್ತು, ಪ್ರೋಗ್ರಾಮಿನ ಹೆಸರು ಮಾತ್ರ ಮಸುಕಾಗಿ ಕಾಣುತ್ತಿತ್ತು. ನೇರ ತೂಗಲೆಂದು ಬಯ್ಯಪ್ಪ ಕಾದ ಮೊಳೆಯಲ್ಲಿ ಅಂಚಿಗೊಂದು ತೂತು ಕೊರೆದಿದ್ದ. ಸಿ.ಡಿ.ಯಲ್ಲಿ ಬರಹವೆಲ್ಲ ನಡುವಿನಿಂದ ಶುರುವಾಗಿ ಅಂಚಿಗೆ ಹೋಗುತ್ತದೆ ಎಂದು ಮುನಿಶಾಮಪ್ಪ ಎಲ್ಲೋ ಕೇಳಿದ್ದ. ಆ ಒಂದು ಮಾತನ್ನು ಹಿಡಿದುಕೊಂಡು, ಸಿ.ಡಿ.ಯನ್ನು ಅಂಗಿಯೊಳಗಿಟ್ಟುಕೊಂಡು ಬಂದ.

ಮನೆಯಲ್ಲಿ ಹಿತ್ತಲ ತೊಟ್ಟಿಯ ಹತ್ತಿರ ಕೂತು ಸೋಪು ಕೈಗೆತ್ತಿಕೊಂಡ. ಹಿಂದಿನಿಂದ ಲಕ್ಷ್ಮೀನರಸಮ್ಮನ ದನಿ ಬಂತು: "ನಿಧಾನ. ಆಗ್ಲೇ ಒಂದು ಮೊಕ ತೊಳೆದಿದ್ದೀಯ."

ಅವಳೇ ಅದನ್ನು ಕಸಿದುಕೊಂಡು ಮೆತ್ತನೆಯ ಹಳೇ ಪಂಚೆಯಲ್ಲಿ ಒರೆಸಿ ಕೊಟ್ಟಳು.

ಸಿ.ಡಿ. ಒಳಗೆ ಹೋಗಿ ಕರಕರ ಸದ್ದು ಮಾಡಿತು. ಹಳೆಯ ಪ್ರೋಗ್ರಾಂ ತೆವಳುತ್ತಾ ಇಳಿಯಿತು. ಕೊನೆಯಲ್ಲಿ ಏನೋ ಒಂದನ್ನು ಓದಲಾಗಲಿಲ್ಲ ಎಂಬ ಸಾಲು ಬಂತು, ಆದರೂ ಪ್ಲಗಿನ್ ಹೆಸರು ಕಾಣಿಸಿತು. ಮುನಿಶಾಮಪ್ಪ ದೇವರ ಹೆಸರು ಹೇಳಿ ಫೈಲು ಮುಟ್ಟಿದ. ಪರದೆಯ ಮೇಲೆ ಪಟ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಎಣ್ಣೆ ಹಚ್ಚಿ ಬಾಚಿದ ಕೂದಲು. ಹಣೆ. ಅಲ್ಲಿಗೆ ಪರದೆಯೆಲ್ಲ ನೀಲಿಯಾಗಿ ಬಿಳಿ ಅಕ್ಷರಗಳು ಹರಡಿದವು. ಮತ್ತೆ ಹಚ್ಚಿದ. ಈ ಸಲ ಹುಬ್ಬು, ಕಣ್ಣು, ಮತ್ತೆ ನೀಲಿ. ಉಳಿಸಿಡು ಎಂದು ಒತ್ತುವಷ್ಟು ಹೊತ್ತನ್ನೂ ಅದು ಕೊಡುತ್ತಿರಲಿಲ್ಲ.

ಕಂಪ್ಯೂಟರು ಪ್ರತಿ ಸಲವೂ ಹೆಚ್ಚು ಹೆಚ್ಚು ಮುಕ್ಕರಿಯುತ್ತಿತ್ತು. ಇನ್ನೊಂದು ಸಲ ಏಳುತ್ತದೋ ಇಲ್ಲವೋ. ಮುನಿಶಾಮಪ್ಪ ತಟ್ಟನೆ ಎದ್ದು ಬೀರುವಿನ ಮೇಲಿಂದ ಹಳೆಯ ಕ್ಯಾಮೆರಾ ಇಳಿಸಿದ. ಒಳಗೆ ಕಪ್ಪು ಬಿಳುಪು ರೀಲು ಇನ್ನೂ ಉಳಿದಿತ್ತು. ಮೂರುಕಾಲಿನ ಸ್ಟ್ಯಾಂಡು ತಂದು ಪರದೆಯ ಎದುರು ನಿಲ್ಲಿಸಿದ.

"ಬಾಗ್ಲು ಹಾಕು. ಕಿಟಕೀಗೆ ಕಂಬಳಿ ಬಿಡು" ಎಂದ.

"ಯಾರ್ ಫೋಟೋ ತೆಗೀತೀಯ?"

"ಅವ್ನ್ದೇ. ಬರ್ತಾ ಇರ್ವಾಗ್ಲೇ ಹಿಡ್ಕೋತೀನಿ."

ಲಕ್ಷ್ಮೀನರಸಮ್ಮ ಮೌಸ್ ಒತ್ತಿದಳು. ಕೂದಲು ಬಂತು. ಹಣೆ ಬಂತು. ಕಣ್ಣು, ಮೂಗು. ಅವನು ಶಟರ್ ಮೇಲೆ ಬೆರಳಿಟ್ಟು ಕಾದ. ಇನ್ನೊಂದು ಪಟ್ಟಿ ಇಳಿಯಲಿ, ಇನ್ನೊಂದು. ತುಟಿ ಬಂತು. ಗಲ್ಲ ಬಂತು. ಅಂಗಿಯ ಕಾಲರು ಇನ್ನೇನು ಕಾಣಬೇಕು ಎನ್ನುವಾಗ ಒಳಗಿನಿಂದ ಕರಕರ ಸದ್ದು ಎದ್ದಿತು. ಇನ್ನು ಕಾಯಲಾರದೆ ಒತ್ತಿಬಿಟ್ಟ. ಶಟರ್ ಮುಚ್ಚುತ್ತಲೇ ಪರದೆ ನೀಲಿಯಾಯಿತು. ಆಮೇಲೆ ಕಪ್ಪಾಯಿತು. ಆ ಯಂತ್ರ ಮತ್ತೆ ಏಳಲಿಲ್ಲ.

ಕತ್ತಲೆ ಕೋಣೆಯ ಕೆಂಪು ಬೆಳಕಿನಲ್ಲಿ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಔಷಧಿ ನೀರೊಳಗೆ ಇಳಿಸಿದ. ಪಟವೊಂದನ್ನು ನೀರಿಗೆ ಬಿಡಲು ಅವನು ಹೆದರಿದ್ದು ಅದೇ ಮೊದಲು. ಮುಖ ಎದ್ದುಬಂತು, ಪರದೆಯ ಅಡ್ಡಡ್ಡ ಸಣ್ಣ ಗೆರೆಗಳ ಹಿಂದೆ. ಗಲ್ಲದಿಂದ ಕೆಳಗೆ ಬರೀ ಕಪ್ಪು.

ಅಮಾವಾಸ್ಯೆ ಬೆಳಗ್ಗೆ ಗಂಗುಲಮ್ಮ ಬಂದಳು. ಸುಳ್ಳು ಹೇಳಲು ಅವನಲ್ಲಿ ತ್ರಾಣ ಉಳಿದಿರಲಿಲ್ಲ. ನೀರಿಗೆ ಹಾಕಿದ್ದು, ಕಂಪ್ಯೂಟರ್ ಕೈಕೊಟ್ಟಿದ್ದು ಎಲ್ಲವನ್ನೂ ಹೇಳಿ ಪಟವನ್ನು ಮುಂದಿಟ್ಟ.

"ತೊಳೆದ್ಯಾ?" ಎಂದಳು.

"ತೊಳೆದೆನಮ್ಮ."

ಅವಳು ಪಟವನ್ನು ಬಾಗಿಲ ಬೆಳಕಿಗೆ ಹಿಡಿದಳು. "ಮೊಕ ಅವಂದೇ. ಅಂಗಿ ಎಲ್ಲಿ?"

"ನಾನು ಬರೀತೀನಿ. ಪಟ್ಟೆ ಎಷ್ಟಗಲ, ಗುಂಡಿ ಎಂತವು, ಹೇಳಮ್ಮ. ಕಣ್ಣು ತೆರೆಸಿದ ಕೈ ಇದು. ಒಂದು ಗಳಿಗೇಲಿ ಬರೀತೀನಿ" ಎಂದು ಕುಂಚ ನೀರಿಗೆ ಅದ್ದಿದ.

"ಬ್ಯಾಡ. ನೀನು ಬರೆದ್ರೆ ಅದು ನೀನ್ ಹೊಲಿಸಿದ ಅಂಗಿ ಆಯ್ತದೆ." ಸೆರಗು ಸರಿಮಾಡಿಕೊಂಡಳು. "ನನ್ ಗಾಜು ಎಲ್ಲಿ?"

"ಅದ್ರಲ್ಲಿ ಏನೂ ಇಲ್ಲಮ್ಮ. ಬರೀ ಮಸಿ."

"ಕೊಡು."

ಕಪಾಟಿನ ಹಿಂದೆ ಅವಿತಿಟ್ಟಿದ್ದ ಗಾಜನ್ನು ತಂದುಕೊಟ್ಟ. ಅವಳು ಅದನ್ನು ಪಟದ ಮೇಲಿಟ್ಟು ಅತ್ತ ಇತ್ತ ಸರಿಸಿದಳು. ಗಾಜಿನ ಬೂದು ಮಸಿ ಗಲ್ಲದ ಕೆಳಗಿನ ಕಪ್ಪಿನ ಮೇಲೆ ಬಂದಾಗ ಕೈ ನಿಲ್ಲಿಸಿದಳು.

"ಹಿಂಗೇ ಕಟ್ಟಾಕು" ಎಂದಳು.

ಮುನಿಶಾಮಪ್ಪ ಕುಂಚವನ್ನು ಕೆಳಗಿಟ್ಟು, ಒದ್ದೆ ಕೈಯನ್ನು ಎರಡೆರಡು ಸಲ ಒರೆಸಿಕೊಂಡು, ಚೌಕಟ್ಟಿಗೆ ಮೊಳೆ ಹೊಡೆಯತೊಡಗಿದ.