ದೂರದ ಗಿಡದ ಮೇಲಿನ ಧೂಳು

ರಾಜೇಶ್ವರದ ಪೇಂಟರ್ ಶ್ರೀಮಂತನಿಗೆ ಈಗ ಬೋರ್ಡು ಕಂಡರೆ ಹೇಸಿಗೆ. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಕಿರಾಣಿ ಅಂಗಡಿ, ದವಾಖಾನೆ ಅಂತ ಮೂವತ್ತು ವರ್ಷ ಬೋರ್ಡು ಬರೆದ ಕೈ ಅದು. ಆಮೇಲೆ ಫ್ಲೆಕ್ಸ್ ಬಂತು. ಹುಟ್ಟುಹಬ್ಬದ ಪುಢಾರಿಗಳು ಕಂಬಕಂಬದಲ್ಲೂ ಹಲ್ಲು ಕಿರಿದರು. "ಥೂ, ಇದರಾಗ ಮನಷ್ಯಾನ ಕೈ ಎಲ್ಲಿ ಅದ?" ಎಂದು ಉಗಿಯದೆ ಶ್ರೀಮಂತ ಒಂದು ಚೌಕವನ್ನೂ ದಾಟುತ್ತಿರಲಿಲ್ಲ. ಉಗಿದರೆ ಹೊಟ್ಟೆ ತುಂಬುತ್ತದೆಯೇ? ಮನೆಗಳಿಗೆ ಸುಣ್ಣಬಣ್ಣ ಬಳಿಯಲು ಹೊರಟ.

ಒಂದೇ ಆಸೆ ಉಳಿದಿತ್ತು. ಚಳಿಗಾಲದ ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರುಗಳು ಹಾದುಹೋದ ಮೇಲೆ ಹೊಲಗಳ ಮೇಲೆ ಮಂಜು, ಧೂಳು ಬೆರೆತು ನಿಲ್ಲುತ್ತದಲ್ಲ, ಅದನ್ನು ಸಾಯುವುದರೊಳಗೆ ಒಮ್ಮೆ ತೈಲವರ್ಣದಲ್ಲಿ ಬರೆಯಬೇಕು. ಅದಕ್ಕಾಗಿ ಹುಮನಾಬಾದಿನ ನಿವೃತ್ತ ಡ್ರಾಯಿಂಗ್ ಮಾಸ್ತರ ಜಹೀರುದ್ದೀನ್ ಸಾಹೇಬರ ಮನೆಗೆ ಭಾನುವಾರ ಹೋಗತೊಡಗಿದ.

ಮೊದಲ ಚಿತ್ರ ನೋಡಿ ಸಾಹೇಬರು ಮೂಗು ಮುರಿದರು. "ಗಿಡದ ಸುತ್ತ ಗೆರಿ ಯಾಕ ಹೊಡದೀಪಾ? ಅಲ್ಲೇನರ ಅಂಗಡಿ ಅದ ಏನು? ದೂರ ಹೋದಂಗ ಬಣ್ಣ ಸಪ್ಪಗಾಗಬೇಕು, ಅಂಚು ಕರಗಬೇಕು."

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಬೋರ್ಡಿನ ಗುಣ ಕೆರೆದರೂ ಹೋಗಲಿಲ್ಲ. ಕೈ ತಾನಾಗಿಯೇ ಗೆರೆ ಎಳೆಯುತ್ತಿತ್ತು, ಅವನು ಚಾಕುವಿನಿಂದ ಕೆರೆಯುತ್ತಿದ್ದ. ತನ್ನ ಕೈ ತನಗೇ ಅಸಹ್ಯವಾಗಿ ಎರಡು ಸಲ ಬ್ರಷ್ ಮುರಿದುಹಾಕಿದ.

ಕೊನೆಗೆ ಈ ಚಳಿಗಾಲದಲ್ಲಿ ಅದು ಕೈಗೆ ಬಂತು. ಒಣ ಬ್ರಷ್ಷಿನಿಂದ ಅಂಚುಗಳನ್ನು ಮೆಲ್ಲಗೆ ಸವರುತ್ತಿದ್ದಂತೆ ಜೋಳದ ಹೊಲದಾಚೆಯ ಜಾಲಿಗಿಡಗಳು ಬೂದಿಬಣ್ಣದಲ್ಲಿ ಮುಳುಗಿ ನಿಂತವು. ಮಾರನೆಯ ದಿನವೇ ನೋಡಲು ಬರಬೇಕೆಂದು ಸಾಹೇಬರಿಗೆ ಫೋನು ಮಾಡಿದ.

ಮನೆಗೆ ಯಾರಾದರೂ ಬರುತ್ತಾರೆಂದರೆ ನಮ್ಮ ಹೆಂಗಸರು ಗೋಡೆಯ ಹಲ್ಲಿಯನ್ನೂ ಬಿಡದೆ ಒರೆಸುತ್ತಾರೆ. ಶ್ರೀಮಂತನ ಹೆಂಡತಿ ಕೇಶರಬಾಯಿ ಮದುವೆಯಾದಾಗಿನಿಂದ ಗಂಡನ ಬೋರ್ಡುಗಳನ್ನು ಗಿರಾಕಿಗೆ ಕೊಡುವ ಮುಂಚೆ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒರೆಸಿ ಹೊಳೆಯುವಂತೆ ಮಾಡಿದವಳು. ಬೋರ್ಡಿನ ಬಣ್ಣ ಬೆಳಗಾಗುವುದರಲ್ಲಿ ಒಣಗುತ್ತಿತ್ತು. ಈ ಬಣ್ಣ ವಾರವಾದರೂ ಒಣಗುವುದಿಲ್ಲವೆಂದು ಅವಳಿಗೆ ಯಾರು ಹೇಳಬೇಕು?

ಬಸ್ ಸ್ಟ್ಯಾಂಡಿನಿಂದ ಸಾಹೇಬರನ್ನು ಕರೆತಂದ ಶ್ರೀಮಂತ ಬಾಗಿಲಲ್ಲೇ ನಿಂತುಬಿಟ್ಟ. ಚಿತ್ರದಲ್ಲಿ ಆಕಾಶ, ಗಿಡ, ಹೊಲ ಎಲ್ಲ ಒಂದಾಗಿ ಎಮ್ಮೆ ಹೊರಳಿದ ರಾಡಿಯಂತಾಗಿತ್ತು.

"ಹೇಸಿ! ಏನ್ ಮಾಡೀದಿ ಇದು?" ಎಂದು ಹೆಂಡತಿಯ ಮೇಲೆ ಕಿರುಚಿದ.

ಕೇಶರಬಾಯಿ ಅರಿವೆ ಹಿಡಿದುಕೊಂಡೇ ಸಾಹೇಬರ ಕಡೆ ತಿರುಗಿದಳು. "ಭಾಳ ಧೂಳ ಕುಂತಿತ್ರಿ ಸಾಹೇಬ್ರ. ದೂರದ ಗಿಡಾ ಕಾಣಸ್ತಿದ್ದಿಲ್ಲ. ನೀವ್ ಬರಾಕತ್ತೀರಂತ ಒರಸೀನ್ರಿ."

ಸಾಹೇಬರು ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದರು. ಆಮೇಲೆ ಶ್ರೀಮಂತನ ಹೆಗಲ ಮೇಲೆ ಕೈಯಿಟ್ಟರು. "ಮೂವತ್ತು ವರ್ಷ ನಿನ್ನ ಬಣ್ಣ ಒರಸಿದಾಕಿಗೆ ಇದು ಬಣ್ಣ ಅಂತ ತಿಳೀಲಿಲ್ಲ, ಧೂಳ ಅನಸ್ತು. ನಿನಗ ಬಂತು, ಭಾಯಿ."

"ಬಂದಿದ್ದು ಅರಿವ್ಯಾಗ ಹೋತಲ್ರಿ," ಎಂದ ಶ್ರೀಮಂತ. ಅವಳ ಕೈಯಿಂದ ಅರಿವೆ ಕಸಿದು ಅಂಗಳಕ್ಕೆ ಎಸೆದ.

ಸಾಹೇಬರಿಗೆ ಚಹಾ ಕೊಟ್ಟು ಕಳಿಸಿದ ಮೇಲೆ ಕೇಶರಬಾಯಿ ಅಂಗಳಕ್ಕೆ ಹೋಗಿ ಬೂದಿಬಣ್ಣ ಮೆತ್ತಿದ ಅರಿವೆ ಎತ್ತಿಕೊಂಡಳು. ಕೊಳೆ ಕಂಡರೆ ಸುಮ್ಮನಿರದವಳು ಅದನ್ನು ತೊಳೆಯಲಿಲ್ಲ, ಹಾಗೆಯೇ ಕಿಟಕಿಯ ಸರಳಿಗೆ ಒಣಹಾಕಿದಳು.