ಧರ್ಮಪ್ಪನ ಲೋಟದಲ್ಲಿ ಉಳಿದ ಚಹಾ

ಬಾಳಗಡಿಯಲ್ಲಿ ಕಾಲೇಜಿನ ಕಡೆ ತಿರುಗುವಲ್ಲಿ ಧರ್ಮಪ್ಪನ ಚಹಾದಂಗಡಿ ಇದೆ. ಅದಕ್ಕೆ ಬೋರ್ಡಿಲ್ಲ. ಧರ್ಮಪ್ಪನ ಗಂಟಲೇ ಸಾಕಷ್ಟು ದೂರ ಕೇಳುವುದರಿಂದ ಬೋರ್ಡಿನ ಅಗತ್ಯ ಯಾರಿಗೂ ಕಂಡಿಲ್ಲ. ಹರೆಯದಲ್ಲಿ ಅವನು ಎಸ್ಟೇಟಿನಲ್ಲಿ ಮರ ಹತ್ತಿ ಕೊಂಬೆ ಕಡಿಯುತ್ತಿದ್ದವನು. ಒಂದು ದಿನ ಕೊಂಬೆಯ ಜೊತೆ ತಾನೂ ಕೆಳಗೆ ಬಂದ. ಮುರಿದ ಕಾಲು ಕೂಡಿಕೊಂಡ ಮೇಲೆ ಮತ್ತೆ ಮರ ಹತ್ತಲಿಲ್ಲ, ಒಲೆ ಹಚ್ಚಿದ. ಅಲ್ಲಿಂದ ಇಪ್ಪತ್ತಾರು ವರ್ಷ ಅದೇ ಒಲೆಯ ಮುಂದೆ ನಿಂತಿದ್ದಾನೆ.

ಅವನಿಗೆ ಗೊತ್ತಿರುವುದು ಒಂದೇ ಚಹಾ. "ಚಾ ಅಂದ್ರೆ ಕುದೀಬೇಕು ಮಾರಾಯ. ಸೊಪ್ಪು ತಪ್ಪು ಒಪ್ಕೊಳ್ಳೋ ತನಕ ಕುದೀಬೇಕು" ಎನ್ನುತ್ತಾನೆ. ಹಾಲು, ಸಕ್ಕರೆ, ಜಜ್ಜಿದ ಶುಂಠಿ ಎಲ್ಲ ಒಂದೇ ಪಾತ್ರೆಗೆ. ಹೀಗೆ ಬೇಕು, ಹಾಗೆ ಬೇಕು ಎನ್ನುವವರು ಬೇರೆ ಅಂಗಡಿ ನೋಡಿಕೊಳ್ಳಬೇಕು. ತನ್ನ ಅಂಗಡಿಯಲ್ಲಿ ಇವತ್ತಿನವರೆಗೆ ಒಬ್ಬರೂ ಲೋಟದಲ್ಲಿ ಚಹಾ ಉಳಿಸಿಲ್ಲ ಎಂಬುದು ಅವನ ಹೆಮ್ಮೆ. ವಾಪಸು ಬಂದ ಪ್ರತಿ ಲೋಟದೊಳಗೂ ಇಣುಕುತ್ತಾನೆ. ಒಂದು ಗುಟುಕು ಉಳಿದಿದ್ದರೆ, "ಎಂತ ಆಯ್ತು? ಮೈಗೆ ಹುಷಾರಿಲ್ವಾ?" ಎಂದು ರಸ್ತೆಗೆಲ್ಲ ಕೇಳುವಂತೆ ವಿಚಾರಿಸುತ್ತಾನೆ. ಆಮೇಲೆ ಯಾವ ಗಂಡಸು ತಾನೆ ಉಳಿಸುತ್ತಾನೆ?

ಅಂಚೆ ಕಚೇರಿಯ ರೇಣುಕಪ್ಪನವರಿಗೆ ಮಾತ್ರ ಒಂದು ದಾರಿ ಸಿಕ್ಕಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಬೆಂಚಿನ ತುದಿಯಲ್ಲಿ ಒಂದು ದಾಸವಾಳದ ಗಿಡ. ಧರ್ಮಪ್ಪ ಒಲೆಯ ಕಡೆ ತಿರುಗಿದ ಕೂಡಲೇ ಅರ್ಧ ಲೋಟ ಅದರ ಬುಡಕ್ಕೆ. ಕೊಪ್ಪ ತಾಲ್ಲೂಕಿನ ಇರುವೆಗಳೆಲ್ಲ ಅಲ್ಲೇ ಸಂಸಾರ ಹೂಡಿದ್ದವು. ಧರ್ಮಪ್ಪ ಇರುವೆಗಳನ್ನು ಬೈಯುತ್ತಿದ್ದನೇ ಹೊರತು ಕಾರಣ ಹುಡುಕಲು ಹೋಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ಶೃಂಗೇರಿಯಿಂದ ಅವನಿಗೆ ಕರೆ ಬಂತು. ಅಲ್ಲಿನ ವಿದ್ವಾಂಸರಾದ ಶ್ರೀನಿವಾಸಮೂರ್ತಿಗಳ ಮನೆಯಲ್ಲಿ ಹರುಕೊ ಎಂಬ ಜಪಾನಿನ ಹೆಂಗಸು ಮೂರು ತಿಂಗಳಿಂದ ಸಂಸ್ಕೃತ ಓದುತ್ತಿದ್ದರು. ಕನ್ನಡವನ್ನೂ ಪುಸ್ತಕದಿಂದಲೇ ಕಲಿತವರು. ಊರಿಗೆ ಹೊರಡುವ ಮೊದಲು ತಮ್ಮ ಅಣ್ಣನ ತೋಟದ ಚಹಾವನ್ನು ಎಲ್ಲರಿಗೂ ಕುಡಿಸಬೇಕೆಂದು ಒಂದು ಪುಟ್ಟ ಡಬ್ಬಿ ಹೊರತೆಗೆದರು. ಜಪಾನೆಂದರೆ ಹಸಿರು ಚಹಾ ಎಂದುಕೊಂಡಿದ್ದ ಮನೆಯವರಿಗೆ ಕಪ್ಪು ಎಲೆ ಕಂಡು ಆಶ್ಚರ್ಯ. ಗಿಡ ಅದೇ, ಎಲೆಯನ್ನು ಬಾಡಿಸಿ ಹೊಸೆದು ಕಪ್ಪಾಗಲು ಬಿಡುತ್ತೇವೆ ಎಂದರು ಹರುಕೊ. ತಾವೇ ಮಾಡಿಕೊಡುವುದಾಗಿ ಎದ್ದೂ ನಿಂತರು. ಮೂರ್ತಿಗಳು ಎರಡೂ ಕೈ ಅಡ್ಡ ಹಿಡಿದರು. ಅತಿಥಿಯ ಕೈಯಲ್ಲಿ ಒಲೆ ಮುಟ್ಟಿಸುವುದೇ? ಆದರೆ ಅದು ಮೂರು ತಲೆಮಾರಿನಿಂದ ಕಾಫಿ ಕುಡಿಯುವ ಮನೆ, ಚಹಾ ಮಾಡಿ ಯಾರಿಗೂ ಗೊತ್ತಿಲ್ಲ. ಆಗ ಬಾಳಗಡಿಯ ಕಾಲೇಜಿನಲ್ಲಿ ಓದುವ ಮಗಳು ಮಹಿಮಾ, "ನಮ್ಮ ಧರ್ಮಪ್ಪಣ್ಣನ್ನ ಕರೆಸಿ" ಎಂದಳು.

ಭಾನುವಾರ ಬೆಳಗಿನ ಬಸ್ಸಿಗೆ ಧರ್ಮಪ್ಪ ಹೊಸ ಪಂಚೆಯುಟ್ಟು, ತನ್ನದೇ ಪಾತ್ರೆ ಮತ್ತು ಸೌಟು ಹಿಡಿದು ಬಂದ. ಒಳಗಿನ ಒಲೆಗೆ ಮಡಿ. ಅವನಿಗೆ ಹಿಂದಿನ ಜಗಲಿಯಲ್ಲಿ ಗ್ಯಾಸ್ ಸ್ಟೌ ಇಟ್ಟುಕೊಟ್ಟರು. ಡಬ್ಬಿ ಮೂಸಿ ನೋಡಿ, "ಒಣಹುಲ್ಲು ಜೇನಲ್ಲಿ ಅದ್ದಿದ ಹಂಗಿದೆ" ಎಂದ. "ಕುದಿಸಬೇಡಿ" ಎಂದು ಹರುಕೊ ಮೆಲ್ಲಗೆ ಹೇಳಿದ್ದು ಶುಂಠಿ ಜಜ್ಜುವ ಸದ್ದಿನಲ್ಲಿ ಮುಳುಗಿಹೋಯಿತು. ಮುಕ್ಕಾಲು ಡಬ್ಬಿ ಸುರಿದ. ಕುದಿಸಿದ. ಹಾಲು ಹೊಯ್ದ. ಇನ್ನೂ ಕುದಿಸಿದ.

ಹರುಕೊ ಎರಡು ಗುಟುಕು ಕುಡಿದು, ಅರ್ಧ ತುಂಬಿದ ಲೋಟವನ್ನು ನೆಲದ ಮೇಲಿಟ್ಟರು.

ಬಾಳಗಡಿಯ ಪದ್ಧತಿ ಬಲ್ಲ ಮಹಿಮಾ ಉಸಿರು ಹಿಡಿದಳು. ಧರ್ಮಪ್ಪ ಬಗ್ಗಿ ಲೋಟದೊಳಗೆ ನೋಡಿದ.

"ಎಂತ ಆಯ್ತಮ್ಮ?"

ಹರುಕೊ ಪ್ರಾಮಾಣಿಕವಾಗಿ ಯೋಚಿಸಿದರು. "ಹಾಲು ಉತ್ತಮವಾಗಿದೆ. ಶುಂಠಿಯೂ ಇದೆ. ಚಹಾ ಎಲ್ಲಿದೆ?"

ಧರ್ಮಪ್ಪನ ಮುಖ ಹುಳ್ಳಗಾಯಿತು. "ಈ ಸೊಪ್ಪಲ್ಲಿ ಕಸುವಿಲ್ಲ" ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅದು ಅವನಿಗೂ ಹೊಳೆಯದೆ ಇರಲಿಲ್ಲ. ಸೋಮವಾರ ಮಹಿಮಾ ಕಾಲೇಜಿಗೆ ಹೋಗುತ್ತಾಳೆ. ಮಧ್ಯಾಹ್ನದೊಳಗೆ ಬಾಳಗಡಿಗೆಲ್ಲ ಗೊತ್ತಾಗುತ್ತದೆ. ಇಪ್ಪತ್ತಾರು ವರ್ಷದ ಹೆಸರು ಅರ್ಧ ಲೋಟದಲ್ಲಿ ಮುಳುಗುವುದೇ? ಅವನಿಗೆ ನಿಜವಾಗಿ ಅಳು ಬರುವಂತಾಯಿತು. "ಇನ್ನೊಂದು ಸಲ ಮಾಡ್ತೀನಿ" ಎಂದು ಉಳಿದ ಎಲೆಯನ್ನೂ ಪಾತ್ರೆಗೆ ಹಾಕಲು ಹೊರಟ.

ಆಗ ಬಾಗಿಲ ಬಳಿಯಿಂದ ಮೂರ್ತಿಗಳ ಹೆಂಡತಿ ಅಂಬುಜಾಕ್ಷಿ ತಡೆಯಲಾರದೆ ಹೇಳಿದರು. "ಎಂತ ಮಾರಾಯ, ಕಾಫಿಪುಡಿನ ಯಾರಾದ್ರೂ ಹಾಗೆ ಬೇಯಿಸ್ತಾರಾ? ಬಿಸಿನೀರು ಹಾಕಿ, ಮುಚ್ಚಿಟ್ಟು, ಸುಮ್ಮನೆ ಕೂರ್ಬೇಕು. ಅದೂ ಹಾಗೇ ಇರ್ಬೇಕು."

ಹರುಕೊ ಹೌದೆಂದು ಜೋರಾಗಿ ತಲೆಯಾಡಿಸಿದರು. ಇಪ್ಪತ್ತಾರು ವರ್ಷ ಚಹಾ ಮಾಡಿದವನಿಗೆ ಚಹಾ ಮಾಡುವುದನ್ನು ಕಾಫಿ ಕುಡಿಯುವವರು ಹೇಳಿಕೊಡುವ ಕಾಲ ಬಂತಲ್ಲ ಎಂದು ಧರ್ಮಪ್ಪ ಹಲ್ಲು ಕಚ್ಚಿದ. ಆದರೂ ಕುದಿ ಬಂದ ನೀರನ್ನು ಎಲೆಯ ಮೇಲೆ ಹೊಯ್ದು ತಟ್ಟೆ ಮುಚ್ಚಿದ. ಮೂರು ನಿಮಿಷ ಎಂದರು ಹರುಕೊ. ಅವನ ಪಾಲಿಗೆ ಅದು ಶಿಕ್ಷೆ. ಕಲಕಲು ಏನಿಲ್ಲ, ಊದಲು ಏನಿಲ್ಲ. ಒಂದು ಸಲ ಸೌಟು ಎತ್ತಿದ, ಅಂಬುಜಾಕ್ಷಿ ಕಣ್ಣುಬಿಟ್ಟರು, ಕೆಳಗಿಟ್ಟ. ಇನ್ನೊಂದು ಸಲ ತಟ್ಟೆಗೆ ಕೈ ಹಾಕಿದ, ಮಹಿಮಾ ಕೆಮ್ಮಿದಳು. ಕಡೆಗೆ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತ.

ಸೋಸಿದಾಗ ಬಂದದ್ದು ತಿಳಿಗೆಂಪು ಬಣ್ಣ. ನಮ್ಮಲ್ಲಿ ಇದಕ್ಕೆ ಕೆಂಪು ಚಹಾ ಎಂದೇ ಹೆಸರು ಎಂದರು ಹರುಕೊ. ಹಾಲಿಲ್ಲ, ಸಕ್ಕರೆಯಿಲ್ಲ; ಪಕ್ಕದಲ್ಲಿ ಅಂಬುಜಾಕ್ಷಿಯ ಕಾಯಿಬರ್ಫಿ. ಸಿಹಿ ಬಾಯಲ್ಲಿರಲಿ, ಲೋಟದಲ್ಲಿ ಬೇಡ ಎಂದು ತೋರಿಸಿಕೊಟ್ಟು, ಹರುಕೊ ನಿಧಾನವಾಗಿ ಕುಡಿದು ಖಾಲಿ ಲೋಟ ಕೆಳಗಿಟ್ಟರು. ಧರ್ಮಪ್ಪ ಇಣುಕಿದ. ತಳ ಕಾಣುತ್ತಿತ್ತು. ಹೋದ ಜೀವ ಬಂದಂತಾಯಿತು.

ಹರುಕೊ ಇನ್ನೊಂದು ಲೋಟ ಎತ್ತಿಕೊಂಡು, "ಕುಳಿತುಕೊಳ್ಳಿ. ನಿಮಗೆ ಹೇಗೆ ಬೇಕು? ತೆಳುವೋ, ಗಾಢವೋ?" ಎಂದರು.

ಧರ್ಮಪ್ಪ ಸುತ್ತ ನೋಡಿದ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ, ಹೆಂಡತಿ ಸೀತಕ್ಕನೂ ಸೇರಿ. ಅಂಗಡಿ ಮುಚ್ಚುವಾಗ ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಿಂತೇ ಕುಡಿಯುವುದು ಅವನ ರೂಢಿ. "ಗೊತ್ತಿಲ್ಲಮ್ಮ" ಎಂದ. ಆಮೇಲೆ ಕೂತು ಕುಡಿದ. ಸಕ್ಕರೆ ಹಾಕದ ಚಹಾ ಗಂಟಲಲ್ಲಿ ಸಿಹಿಯಾಗಿ ಇಳಿಯಿತು. ಊರಿಗೆ ಹೋಗುವ ಬಸ್ಸಿನಲ್ಲಿ ಕೊಪ್ಪ ಬರುವ ತನಕ ಮಾತೇ ಆಡಲಿಲ್ಲ. ಕಂಡಕ್ಟರು ಮೈಗೆ ಹುಷಾರಿಲ್ವಾ ಎಂದು ಕೇಳಿದ.

ಸೋಮವಾರ ಬೆಳಿಗ್ಗೆ ರೇಣುಕಪ್ಪನವರು ಬಂದು ಬೆಂಚಿನಲ್ಲಿ ತಮ್ಮ ತುದಿ ಹಿಡಿದರು. ಧರ್ಮಪ್ಪ ಖಾಲಿ ಲೋಟ ಹಿಡಿದು ಎದುರು ನಿಂತ.

"ನಿಮಗೆ ಹೆಂಗೆ ಬೇಕು?"

ರೇಣುಕಪ್ಪನವರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

"ನಿಮ್ಮನ್ನೇ ಕೇಳಿದ್ದು ಮಾರಾಯ್ರೆ."

"ಸಕ್ಕರೆ... ಬೇಡ" ಎಂದರು ಅವರು, ಏಟು ಬೀಳುತ್ತದೇನೋ ಎಂಬಂತೆ ಕುತ್ತಿಗೆ ಒಳಗೆಳೆದುಕೊಂಡು. "ಡಾಕ್ಟ್ರು ಬೇಡ ಅಂದು ಹನ್ನೊಂದು ವರ್ಷ ಆಯ್ತು."

ಧರ್ಮಪ್ಪ ದಾಸವಾಳವನ್ನು ನೋಡಿದ. ಇರುವೆಯ ಸಾಲನ್ನು ನೋಡಿದ. ಸಣ್ಣ ಪಾತ್ರೆಯಲ್ಲಿ ಬೇರೆ ಚಹಾ ಇಟ್ಟ. ರೇಣುಕಪ್ಪನವರು ಅದನ್ನು ಊದಿ ಊದಿ ಕುಡಿದು, ಲೋಟ ವಾಪಸು ಕೊಟ್ಟು, ಆಫೀಸಿಗೆ ಹೊರಟರು.

ಧರ್ಮಪ್ಪ ಈ ಸಲ ಲೋಟದೊಳಗೆ ಇಣುಕಲಿಲ್ಲ. ಬಗ್ಗಿ ಗಿಡದ ಬುಡ ಮುಟ್ಟಿ ನೋಡಿದ. ಒಣಗಿತ್ತು.