ಬಾಯಿ ಹಚ್ಚಿದ ಲಾಳಿ

ರಬಕವಿಯ ಈ ಕೈಮಗ್ಗದ ಮನೆಯಲ್ಲಿ ಇನ್ನೂ ಅದೇ ಗಂಜಿಯ ವಾಸನೆ. ಗಂಗವ್ವ ಈಗ ಲಾಳಿಯ ತೂತಿನಿಂದ ನೂಲಿನೆಳೆಯನ್ನು ತಂತಿಯ ಕೊಕ್ಕೆಯಲ್ಲಿ ಎಳೆಯುತ್ತಾಳೆ. ಕೊರೊನಾ ವರ್ಷ ನೇಕಾರರ ಬಗ್ಗೆ ಪತ್ರಿಕೆಗೆ ಬರೆಯಲು ನಾನು ಬಂದಾಗ ಅವಳೂ ಅವಳ ಅತ್ತಿಗೆ ನೀಲವ್ವನೂ ಬಾಗಿಲಿಗೆ ಬೇವು ಕಟ್ಟಿ, ಮಾಸ್ಕ್ ಹಾಕಿ, ಒಂದೇ ಮಗ್ಗದಲ್ಲಿ ಸರದಿಯಂತೆ ನೇಯುತ್ತಿದ್ದರು. ಎಳೆ ಹೀರಿ ತೆಗೆಯಲು ಮಾತ್ರ ಮಾಸ್ಕ್ ಸರಿಸಿ, ಇಬ್ಬರೂ ಅದೇ ಲಾಳಿಗೆ ಬಾಯಿ ಹಚ್ಚುತ್ತಿದ್ದರು. ನೀಲವ್ವ ಆ ಬೇಸಿಗೆಯಲ್ಲೇ ತೀರಿಕೊಂಡಳು.

“ಬಾಯಿ ಹಚ್ಚಬೇಡಿ ಎಂದು ಅವತ್ತೇ ಹೇಳಿದ್ದೆ,” ಎಂದೆ.

“ಎಲ್ಲಿ ಹೇಳಿದ್ರಿ ಸರ? ‘ಅನ್ನಾ ಕೊಡೋ ಲಾಳಿ ರೋಗ ಕೊಡ್ತೈತೇನ’ ಅಂದ್ಲು ನೀಲವ್ವ. ನೀವು ನಕ್ಕು ಫೋಟೋ ತಗದ್ರಿ.”

ಫೋನಿನಲ್ಲಿ ಹುಡುಕಿದೆ. ಲಾಳಿಗೆ ಬಾಯಿಟ್ಟು, ಕಣ್ಣಲ್ಲೇ ನಗುತ್ತಿದ್ದ ನೀಲವ್ವ ಸಿಕ್ಕಳು.

ಗಂಗವ್ವ ಕೊಕ್ಕೆ ಕೆಳಗಿಟ್ಟಳು. “ಆಕಿ ನಗೂ ಫೋಟೋ ನಮ್ಮ ಮನ್ಯಾಗ ಒಂದೂ ಇಲ್ರಿ. ಇದನ್ನ ಕಳಸ್ರಿ.”